ಕೋರಿಶೆಟ್ಟರ ಬಲಗಿಸೆಯಲ್ಲಿ

ನಾನು ಒಂದು ರಿವಾಲ್ವರ್. ಹೆದರಬೇಡಿ, ಸದ್ಯಕ್ಕೆ ಹೊಟ್ಟೆ ಖಾಲಿ. ಹಸಿದ ಹೊಟ್ಟೆಯವರ ಹತ್ತಿರ ಸುಳಿಯಬಾರದು ಎಂಬ ಮಾತು ಮನುಷ್ಯರಿಗೆ ಸರಿ. ನಮ್ಮ ಕುಲದಲ್ಲಿ ಉಂಡವರೇ ಅಪಾಯ.

ಹುಟ್ಟಿದ್ದು ಉತ್ತರದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ. ಉಕ್ಕನ್ನು ಕಾಯಿಸಿದರು, ಬಡಿದರು, ಕೊರೆದರು, ಕಡೆಗೆ ಎಣ್ಣೆಯಲ್ಲಿ ಮೀಯಿಸಿದರು. ಅಂಗೈಗಿಂತ ತುಸು ದೊಡ್ಡ ಮೈ, ಗಿಡ್ಡ ಮೂಗು, ನಡುವೆ ತಿರುಗುವ ಗಾಲಿ, ಆ ಗಾಲಿಯಲ್ಲಿ ಗುಂಡುಗಳಿಗೆಂದು ಆರು ಮನೆ. ಪರೀಕ್ಷೆ ಮಾಡುವವನು ಮರಳಿನ ರಾಶಿಗೆ ಗುರಿಯಿಟ್ಟು, ಬೆರಳು ಬಾಗಿಸಿ ನನ್ನ ಕುದುರೆ ಎಳೆದ. ಆ ಸದ್ದಿಗೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ನಾನೇ. ಇಷ್ಟು ಸಣ್ಣ ಗಂಟಲಲ್ಲಿ ಇಷ್ಟು ದೊಡ್ಡ ಕೂಗು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ರೈಲು ಹತ್ತಿ ಹುಬ್ಬಳ್ಳಿಯ ಒಂದು ಬಂದೂಕಿನ ಅಂಗಡಿಗೆ ಬಂದೆ. ಅಂಗಡಿಯ ಒಡೆಯ ದಸ್ತಗೀರಸಾಬ. ಅಂಗಡಿಯೊಳಗೆ ಗುಂಡು ಹಾರಿಸುವಂತಿಲ್ಲವಲ್ಲ, ಅದಕ್ಕೆ ಸಾಬರು ಗಿರಾಕಿಗಳ ಮುಂದೆ ಬಾಯಿಂದಲೇ ಹಾರಿಸುತ್ತಿದ್ದರು. ಜೋಡುನಳಿಗೆ ಬಂದೂಕಿಗೆ ಕೆನ್ನೆ ಉಬ್ಬಿಸಿ ‘ಢಮಾರ್’, ಪಿಸ್ತೂಲಿಗೆ ‘ಢಂ’. ನನ್ನ ಸರದಿ ಬಂದಾಗ ತುಟಿ ಕೂಡಿಸಿ ‘ಟಪ್’ ಅಂದುಬಿಡುತ್ತಿದ್ದರು, ಹಪ್ಪಳ ಮುರಿದ ಹಾಗೆ. ನನ್ನ ಮಾನ ಹೋಗುತ್ತಿತ್ತು.

ಒಂದು ದಿನ ಬ್ಯಾಡಗಿಯಿಂದ ಗಂಡ ಹೆಂಡತಿ ಬಂದರು. ಗಂಡ ಬಸವಂತಪ್ಪ ಕೋರಿಶೆಟ್ಟರ, ಮೆಣಸಿನಕಾಯಿ ಪೇಟೆಯಲ್ಲಿ ದುಕಾನು ಇಟ್ಟವರು. ಹೆಂಡತಿ ದಾನಮ್ಮ. ಶೆಟ್ಟರ ಕಣ್ಣು ಇನ್ನೂ ಕೆಂಪಗಿದ್ದವು. ಕೆಲವು ತಿಂಗಳ ಹಿಂದೆ ಅವರು ಪೇಟೆಯಿಂದ ಮನೆಗೆ ಹೋಗುವಾಗ ಯಾರೋ ಮುಖಕ್ಕೆ ಖಾರದ ಪುಡಿ ಎರಚಿ ಕೈಚೀಲ ಕಸಿದುಕೊಂಡು ಹೋಗಿದ್ದರಂತೆ. ಜೀವಮಾನವೆಲ್ಲ ಮೆಣಸಿನಕಾಯಿ ಮಾರಿದವರಿಗೆ ಮೆಣಸಿನಕಾಯಿಯಿಂದಲೇ ಏಟು.

“ಸಣ್ಣದು ಬೇಕ್ರಿ,” ಅಂದರು ಶೆಟ್ಟರು, ಲೈಸೆನ್ಸಿನ ಪುಸ್ತಕ ಮುಂದಿಟ್ಟು. “ಕಿಸೆದಾಗ ಇಟ್ರ ಗೊತ್ತಾಗಬಾರ್ದು.”

“ಯಾರಿಗ್ರಿ? ಕಳ್ಳಗೋ, ಅಕ್ಕಾರಿಗೋ?” ಅಂದರು ಸಾಬರು.

“ನನಗ ಎಲ್ಲಾ ಗೊತ್ತೈತ್ರಿ,” ಅಂದಳು ದಾನಮ್ಮ. “ಈ ವಯಸ್ಸಿನಾಗ ಸವತಿ ತರಾಕ ನಾನೂ ಜೋಡಿಗೆ ಬಂದೇನಿ.”

ಸಾಬರು ಮೊದಲು ಒಂದು ದೊಡ್ಡ ಪಿಸ್ತೂಲು ಕೊಟ್ಟರು. ಜುಬ್ಬಾದ ಕಿಸೆ ಮೊಣಕಾಲಿಗೆ ಜೋತುಬಿತ್ತು.

“ತೆಂಗಿನಕಾಯಿ ಕದ್ದವರಂಗ ಕಾಣ್ತೀರಿ,” ಅಂದಳು ದಾನಮ್ಮ.

ಆಮೇಲೆ ಒಂದು ತೆಳ್ಳನೆಯದು. ಅದರ ಮೇಲಿನ ಪಟ್ಟಿಯನ್ನು ಹಿಂದಕ್ಕೆ ಎಳೆದು ಗುಂಡು ಏರಿಸಬೇಕು. ಶೆಟ್ಟರ ಬೆರಳಿಗೆ ಅದು ಬಗ್ಗಲಿಲ್ಲ. ಮೂರನೆಯವನು ನಾನು. ಸಾಬರು ಶೆಟ್ಟರನ್ನು ಕೂರಿಸಿದರು, ಏಳಿಸಿದರು, ಯಾರದೋ ಕಾಲಿಗೆ ಬೀಳುವಂತೆ ಬಗ್ಗಿಸಿದರು, ಪಂಗತಿಯಲ್ಲಿ ಉಣ್ಣುವ ಹಾಗೆ ಚಕ್ಕಳಮಕ್ಕಳ ಹಾಕಿಸಿದರು. ನಾನು ಅಲುಗಲಿಲ್ಲ, ಚುಚ್ಚಲಿಲ್ಲ, ಉಬ್ಬಿ ಕಾಣಲಿಲ್ಲ.

“ಒಂದು ಮಾತು ಶೆಟ್ರ,” ಅಂದರು ಸಾಬರು. “ಸಣ್ಣದು ಕಿಸೆಗೆ ಸುಖ, ಕೈಗೆ ಕಷ್ಟ. ಎತ್ತಿದ ಕೂಡಲೇ ಗುರಿ ಸಿಗೂದಿಲ್ಲ. ರೂಢಿ ಮಾಡ್ಕೋರಿ. ಮತ್ತ ಎದುರಿಗೆ ಯಾರದಾರ ಅನ್ನೂದು ಗೊತ್ತಾಗೋತನಕ ಬೆರಳು ಕುದುರಿ ಮ್ಯಾಲೆ ಹೋಗಬಾರ್ದು.”

“ಯಾರಂತ ನನಗ ಗೊತ್ತೈತಿ,” ಅಂದರು ಶೆಟ್ಟರು. ದಾನಮ್ಮ ಗಂಡನ ಮುಖ ನೋಡಿದಳು. ಅವಳ ಮುಖದಲ್ಲಿದ್ದ ನಗು ಹೋಗಿತ್ತು.

ನಾನು ಕಿಸೆಗೆ ಒಪ್ಪುತ್ತೇನೆಯೋ ಎಂದು ಅಷ್ಟು ಹೊತ್ತು ನೋಡಿದರು. ಆ ಮನುಷ್ಯನಿಗೆ ಒಪ್ಪುತ್ತೇನೆಯೋ ಎಂದು ಯಾರೂ ಕೇಳಲಿಲ್ಲ.

ಅವರಿಗೆ ಗೊತ್ತಿದ್ದ ಆ ‘ಯಾರೋ’ ಎಂದರೆ ಮಹಾರುದ್ರಪ್ಪ, ಶೆಟ್ಟರ ದೊಡ್ಡಪ್ಪನ ಮಗ. ಒಂದೇ ದುಕಾನು ಎರಡಾದಾಗಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಶೆಟ್ಟರ ತರ್ಕ ಹೀಗಿತ್ತು: ಕಣ್ಣಿಗೆ ಬಿದ್ದ ಪುಡಿ ಬ್ಯಾಡಗಿಯದಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಉರಿ ಕಡಿಮೆ. ಅಷ್ಟು ಉರಿದದ್ದು ಗುಂಟೂರಿನದೇ ಇರಬೇಕು. ಪೇಟೆಯಲ್ಲಿ ಗುಂಟೂರಿನ ಮಾಲು ತರಿಸುವವನು ಮಹಾರುದ್ರಪ್ಪ ಒಬ್ಬನೇ. ಬೇರೆ ಯಾರೇ ಆಗಿದ್ದರೂ ಕಣ್ಣಿಗೆ ನೀರು ಹಾಕಿಕೊಂಡು ಸುಮ್ಮನಾಗುತ್ತಿದ್ದರು. ನಮ್ಮ ಶೆಟ್ಟರು ನೆಲಕ್ಕೆ ಬಿದ್ದು ಹೊರಳಾಡುತ್ತಲೇ ಮಾಲಿನ ತಳಿ ಗುರುತಿಸಿದ್ದರು!

ಬಲಗಿಸೆಯಲ್ಲಿ ನನ್ನ ಸಂಸಾರ ಶುರುವಾಯಿತು. ನಾನು ಬಂದರೆ ಅವರ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಭಯಕ್ಕೆ ಇರಲು ಒಂದು ಜಾಗ ಸಿಕ್ಕಿತು, ಅಷ್ಟೇ. ಶೆಟ್ಟರ ಕೈ ಗಳಿಗೆಗೊಮ್ಮೆ ಕಿಸೆಗೆ ಬರುತ್ತಿತ್ತು. ನಾನು ಇದ್ದೇನೆಯೇ? ಇದ್ದೇನೆ. ಗುಂಡು ಇವೆಯೇ? ಇವೆ. ಪೇಟೆಯ ಹಮಾಲರು “ಸಾವ್ಕಾರ್ರ, ಹೊಟ್ಟಿ ನೋವೇನ್ರಿ?” ಎಂದು ಕೇಳುತ್ತಿದ್ದರು. ಹಿಂದೆ ಸೈಕಲ್ಲಿನ ಗಂಟೆ ಕೇಳಿದರೆ ಬೆರಳು ಬಿಗಿಯುತ್ತಿತ್ತು. ರಾಶಿಗೆ ಕೈ ಹಾಕಿ ಮೆಣಸಿನಕಾಯಿ ಮುರಿದು ನೋಡುವುದನ್ನೂ ಎಡಗೈಯಲ್ಲೇ ಕಲಿತರು. ಮದುವೆಯೊಂದರಲ್ಲಿ ಹಿಂದಿನಿಂದ ಬೀಗರು ಹೆಗಲ ಮೇಲೆ ಕೈಯಿಟ್ಟಾಗ ಅವರು ಬೆವೆತ ಬೆವರು ಜುಬ್ಬಾ ದಾಟಿ ನನ್ನ ಮೈಗೂ ತಾಕಿತು. ಉಕ್ಕಿನವನು ನಾನು, ಆದರೂ ನನಗೆ ನಡುಕ. ಏಕೆಂದರೆ ನಡುಗುವ ಕೈಯಲ್ಲಿ ಕಿರುಚಬೇಕಾದವನು ನಾನು.

ಮಾನವಮಿ ಬಂತು. ಆ ಮನೆಯಲ್ಲಿ ಆಯುಧಗಳ ಖಂಡೇಪೂಜೆ ಎಂದರೆ ತಕ್ಕಡಿ, ತೂಕದ ಕಲ್ಲು, ಈಳಿಗೆಮಣೆ ಎಲ್ಲವನ್ನೂ ತೊಳೆದು ದೇವರ ಜಗಲಿಯ ಮೇಲೆ ಸಾಲಾಗಿ ಇಡುತ್ತಿದ್ದರು. ಶೆಟ್ಟರು ಗುಂಡು ತೆಗೆದು ನನ್ನನ್ನೂ ಅಲ್ಲಿಟ್ಟರು. ದಾನಮ್ಮ ಎಲ್ಲರಂತೆ ನನಗೂ ವಿಭೂತಿ ಬಳಿದು, ಅರಿಷಿಣದ ದಾರದ ಕಂಕಣ ಕಟ್ಟಿದಳು. ತಕ್ಕಡಿಗೆ ಒಂದೇ ಸುತ್ತು. ನನಗೆ ಮಾತ್ರ ಮೂಗಿನಿಂದ ಕುದುರೆಯವರೆಗೆ ಸುತ್ತಿ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದಳು.

“ಅಷ್ಟ್ಯಾಕ?” ಅಂದರು ಶೆಟ್ಟರು.

“ಸವತಿಗೆ ಸೀರಿ ಉಡಸಬೇಕಲ್ರಿ.”

ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಕಂಕಣ ಬಿಚ್ಚಬಾರದು ಎಂಬುದು ಆ ಮನೆಯ ರೂಢಿ. ಮರುದಿನ ಸಂಜೆ ಶೆಟ್ಟರು ಗಾಲಿಯ ಮೇಲಿನ ಸುತ್ತುಗಳನ್ನಷ್ಟೇ ಸರಿಸಿ ನನ್ನ ಹೊಟ್ಟೆಗೆ ಗುಂಡು ತುಂಬಿ, ದಾರದ ಸಮೇತವೇ ಕಿಸೆಗೆ ಇಳಿಸಿದರು. ದೇವರ ದಾರ, ಕಳ್ಳನ ಭಯ, ಎರಡನ್ನೂ ಬಿಡಲಾಗಲಿಲ್ಲ.

ಊರಾಚೆಯ ಬನ್ನಿಗಿಡದ ಹತ್ತಿರ ಜನವೋ ಜನ. ‘ಬನ್ನಿ ತಗೊಂಡು ಬಂಗಾರದಂಗ ಇರೂನು’ ಎನ್ನುತ್ತ ಎಲೆ ಕೊಡುವವರು, ಕಾಲು ಮುಟ್ಟುವವರು, ತಬ್ಬಿಕೊಳ್ಳುವವರು. ಜಗಳ ಆಡಿದವರೂ ಆ ದಿನ ಬನ್ನಿ ಕೊಟ್ಟರೆ ಬೇಡ ಅನ್ನುವಂತಿಲ್ಲ. ಅದಕ್ಕೇ ಶೆಟ್ಟರು ಮಹಾರುದ್ರಪ್ಪನ ಕಣ್ಣು ತಪ್ಪಿಸಿ, ದಾನಮ್ಮನನ್ನು ಹೆಂಗಸರ ಜೊತೆ ಬಿಟ್ಟು, ಮನೆಗೆ ಹೋಗಲು ಪೇಟೆಯ ಗೋದಾಮುಗಳ ಹಿಂದಿನ ಓಣಿ ಹಿಡಿದರು. ಹೊತ್ತು ಮುಳುಗಿತ್ತು. ಖಾರ ತಿಂದ ಕಣ್ಣಿಗೆ ಮಬ್ಬಿನಲ್ಲಿ ಎಲ್ಲವೂ ಮಸಕು.

“ನಿಂದ್ರಲೇ ಬಸ್ಯಾ!”

ಮಹಾರುದ್ರಪ್ಪನ ದನಿ. ದಾಪುಗಾಲು ಹಾಕುತ್ತ ನೇರ ಎದುರಿಗೇ ಬರುತ್ತಿದ್ದ. ಒಂದು ಕೈ ಕಿಸೆಯಲ್ಲಿ.

ಶೆಟ್ಟರ ಕೈಯೂ ಕಿಸೆಗೆ ಇಳಿಯಿತು. ನನ್ನನ್ನು ಹೊರಗೆ ತೆಗೆಯುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ. ಕಿಸೆಯೊಳಗೇ ನನ್ನ ಮೂಗನ್ನು ಮುಂದಕ್ಕೆ ತಿರುಗಿಸಿದರು. ಬಟ್ಟೆಯ ಆ ಕಡೆ ಒಬ್ಬ ಮನುಷ್ಯನ ಉಸಿರು ಹತ್ತಿರವಾಗುತ್ತಿತ್ತು. ಬೇಡ, ಬೇಡ, ಅಂದೆ. ನಮ್ಮ ಕುಲಕ್ಕೆ ಬಾಯಿ ಇದೆ, ಮಾತಿಲ್ಲ. ಮಹಾರುದ್ರಪ್ಪ ಕಿಸೆಯಿಂದ ಕೈ ಹೊರಗೆಳೆದ. ಶೆಟ್ಟರು ಕುದುರೆ ಎಳೆದರು.

ಅರ್ಧಕ್ಕೆ ಬಂದು ನಿಂತಿತು. ದಾರ! ಮತ್ತೊಮ್ಮೆ ಎಳೆದರು. ಒಂದೆರಡು ಎಳೆ ಹರಿದದ್ದು ನನಗೆ ಗೊತ್ತಾಯಿತು. ಮೂರನೆಯ ಸಲಕ್ಕೆ ಎಲ್ಲ ಮುಗಿಯುತ್ತಿತ್ತು. ಅಷ್ಟರಲ್ಲಿ ಮಹಾರುದ್ರಪ್ಪನ ಅಂಗೈ ಶೆಟ್ಟರ ಮೂಗಿನ ಕೆಳಗೆ ಬಂತು. ಅಂಗೈ ತುಂಬ ಬನ್ನಿ ಎಲೆ.

“ಸಣ್ಣಾವ ಬಂದು ದೊಡ್ಡಾವಗ ಕೊಡಬೇಕು. ನೀ ಬರೂದಿಲ್ಲ ಅಂತ ನಾನ ಬಂದೆ. ತಗೋ ಬಂಗಾರ,” ಅನ್ನುತ್ತ ತಮ್ಮನನ್ನು ಬಾಚಿ ತಬ್ಬಿಕೊಂಡ.

ಅಣ್ಣನ ಹೊಟ್ಟೆ, ತಮ್ಮನ ಹೊಟ್ಟೆ, ನಡುವೆ ಗುಂಡು ತುಂಬಿದ ನಾನು. ನನ್ನ ಕುದುರೆಯ ಮೇಲೆ ಶೆಟ್ಟರ ಬೆರಳು ಇನ್ನೂ ಹಾಗೇ ಇತ್ತು. ಮರಗಟ್ಟಿತ್ತು.

“ಏನಲೇ ಅದು, ಚುಚ್ಚತೈತಿ?”

“ಚ... ಚಸ್ಮಾದ ಡಬ್ಬಿ, ಅಣ್ಣಾ.”

“ಹೌದು, ಕಣ್ಣು ಹೆಂಗದಾವ ಈಗ? ದವಾಖಾನಿಗೆ ಬರಬೇಕಂದೆ. ಮಾತು ಬಿಟ್ಟೇವಲ್ಲ, ಯಾವ ಮಾರಿ ಇಟಗೊಂಡು ಬರಲಿ? ಪುಡಿ ನನ್ನ ದುಕಾನದ್ದು ಅಂತ ನೀ ಅಂದೀ ಅಂತ ಯಾರೋ ಹೇಳಿದ್ರು. ನಾ ನಕ್ಕಬಿಟ್ಟೆ. ನಮ್ಮ ಬಸ್ಯಾ ಎಲ್ಲ್ಯರೆ ಹಂಗ ಅಂತಾನೇನು, ಅಂದೆ.”

ಶೆಟ್ಟರ ಕಣ್ಣಿಂದ ನೀರು ದಳದಳನೆ ಇಳಿಯಿತು.

“ಯಾಕಪಾ?”

“ಗುಂಟೂರಿಂದು, ಅಣ್ಣಾ. ಇನ್ನೂ ಉರಿ ಹೋಗಿಲ್ಲ.”

ಮನೆಗೆ ಬಂದು ಶೆಟ್ಟರು ನನ್ನನ್ನು ಜಗಲಿಯ ಮೇಲಿಟ್ಟು ಗೋಡೆಗೆ ಒರಗಿ ಕೂತರು. ದಾನಮ್ಮ ಕಂಕಣ ಬಿಚ್ಚಲು ಬಂದಳು. ಹರಿದ ಎಳೆಗಳ ಮೇಲೆ ಅವಳ ಬೆರಳು ನಿಂತಿತು.

“ಯಾರ ಮ್ಯಾಲೆ?”

ಶೆಟ್ಟರು ಮುಷ್ಟಿ ಬಿಚ್ಚಿದರು. ಬೆವರಿಗೆ ಒದ್ದೆಯಾದ ಬನ್ನಿ ಎಲೆ ಅಂಗೈಗೆ ಅಂಟಿಕೊಂಡಿದ್ದವು. ದಾನಮ್ಮ ಅವನ್ನು ಒಂದೊಂದಾಗಿ ಬಿಡಿಸಿ ನನ್ನ ಪಕ್ಕದಲ್ಲಿಟ್ಟಳು. ಆ ದಿನ ಅವಳು ನನ್ನನ್ನು ಸವತಿ ಎಂದು ಕರೆಯಲಿಲ್ಲ.

ಮುಂದೆ ಚುನಾವಣೆ ಬಂತು. ಲೈಸೆನ್ಸಿನವರೆಲ್ಲ ಆಯುಧ ತಂದು ಠಾಣೆಯಲ್ಲಿ ಇಡಬೇಕೆಂದು ಹೇಳಿಕಳಿಸಿದರು. ಎಲ್ಲರಿಗಿಂತ ಮೊದಲು ಬಂದವರು ಶೆಟ್ಟರು. ಚುನಾವಣೆ ಮುಗಿಯಿತು, ಉಳಿದವರೆಲ್ಲ ತಮ್ಮ ತಮ್ಮ ಬಂದೂಕುಗಳನ್ನು ಮಗಳನ್ನು ತವರಿಗೆ ಕರೆದೊಯ್ಯುವ ಸಂಭ್ರಮದಲ್ಲಿ ಒಯ್ದರು. ನಮ್ಮ ಶೆಟ್ಟರು ಬರಲಿಲ್ಲ. ಹವಾಲ್ದಾರರು ಫೋನು ಮಾಡಿದರೆ “ಇರ್ಲಿ ಬಿಡ್ರಿ ಸಾಹೇಬ್ರ. ಲೈಸೆನ್ಸೂ ನಿಮ್ಮಲ್ಲೇ ಇಟಗೋರಿ,” ಎಂಬ ಉತ್ತರ.

ಈಗ ನಾನು ಠಾಣೆಯ ಕಬ್ಬಿಣದ ಕಪಾಟಿನ ತಳದಲ್ಲಿದ್ದೇನೆ. ಕುತ್ತಿಗೆಯಲ್ಲಿ ಒಂದು ಚೀಟಿ, ಸುತ್ತ ತುಕ್ಕಿನ ವಾಸನೆ. ಇಡೀ ಬದುಕಿನಲ್ಲಿ ಮರಳಿನ ರಾಶಿಯನ್ನು ಬಿಟ್ಟು ಯಾರಿಗೂ ನಾನು ಗಾಯ ಮಾಡಿಲ್ಲ. ಅದು ನನ್ನ ಪುಣ್ಯವೆಂದು ಬೀಗಲಾರೆ. ದಾರ ಹರಿದಿದ್ದರೆ ನಾನು ಅವತ್ತು ಹಾರಿಯೇಬಿಡುತ್ತಿದ್ದೆ. ಎಳೆದರೆ ಹಾರುವುದಷ್ಟೇ ನನಗೆ ಕಲಿಸಿದ ವಿದ್ಯೆ.

ಆಗಾಗ ಹವಾಲ್ದಾರರು ಕಪಾಟು ತೆಗೆಯುತ್ತಾರೆ. ಚಿಂದಿಯಿಂದ ನನ್ನನ್ನು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಖಾಲಿ ಗಾಲಿಯನ್ನು ಗರ್‍ರನೆ ತಿರುಗಿಸುತ್ತಾರೆ. ತಮ್ಮ ಪ್ಯಾಂಟಿನ ಕಿಸೆಗೆ ಹಾಕಿ ಎರಡು ಹೆಜ್ಜೆ ನಡೆದು ನೋಡುತ್ತಾರೆ.

“ಏ, ಇನ್ನೂ ಹೊಸದರಂಗ ಐತಲೇ!” ಎಂದು ಪ್ರೀತಿಯಿಂದ ನನ್ನ ಬೆನ್ನು ತಟ್ಟುತ್ತಾರೆ.

ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮತ್ತೊಂದು ಕಿಸೆಯನ್ನು ನೆನೆದು ನನ್ನ ಆರೂ ಮನೆ ಭಯಕ್ಕೆ ತಣ್ಣಗಾಗುತ್ತವೆ.