ಅಕ್ಕನ ಕಾಲಿನ ಪಟ್ಟಿ

ಅಪ್ಪನಿಗಿದ್ದ ಮಾಂಸಖಂಡ ಸೊರಗುವ ಕಾಯಿಲೆ ಅಕ್ಕನಿಗೆ ಬಂದಿತ್ತು. ತಂಗಿಗೆ ತಪ್ಪಿತಲ್ಲ ಎಂದು ಮನೆಯವರು ಅಷ್ಟರಮಟ್ಟಿಗೆ ನೆಮ್ಮದಿಯ ಉಸಿರು ಬಿಟ್ಟಿದ್ದರು. ಹೊಸ ಔಷಧಿ ಪರೀಕ್ಷಿಸುತ್ತಿದ್ದ ಆಸ್ಪತ್ರೆಯವರು ಅಕ್ಕನ ಎಡ ಕಣಕಾಲಿಗೆ ಗಡಿಯಾರದಂಥ ಪಟ್ಟಿ ಕಟ್ಟಿ ಕಳಿಸಿದ್ದರು. ನಡಿಗೆಯ ವೇಗ, ಹೆಜ್ಜೆ ಎತ್ತುವ ಬಗೆ, ಎಲ್ಲವನ್ನೂ ಅದು ತಾನಾಗಿಯೇ ಅಳೆಯುತ್ತಿತ್ತು.

"ಎಮ್ಮೆಗೆ ಗಂಟೆ ಕಟ್ಟಿದ ಹಾಗಾಯ್ತು ನನ್ನ ಪಾಡು," ಎಂದು ಅಕ್ಕ ನಗುತ್ತಿದ್ದಳು.

ಆ ನಗು ಈಚೆಗೆ ಬತ್ತಿತ್ತು. ನಡಿಗೆ ತೀರಾ ಕುಸಿದವರನ್ನು ಔಷಧಿಯ ಪರೀಕ್ಷೆಯಿಂದ ಕೈಬಿಡುತ್ತಾರಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳಿಗೆ ಊಟ ಸೇರಲಿಲ್ಲ. ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು. ಇದ್ದೊಂದು ಔಷಧಿಯೂ ನಿಂತರೆ?

ತಂಗಿ ನೋಡುವಷ್ಟು ನೋಡಿದಳು. ಮುಂದಿನ ತಪಾಸಣೆಗೆ ವಾರವಿದೆ ಎನ್ನುವಾಗ, ಹಾಲು ಕರೆದು ಬಂದವಳೇ ಪಟ್ಟಿ ಬಿಚ್ಚಿ ತನ್ನ ಎಡಗಾಲಿಗೆ ಬಿಗಿದುಕೊಂಡಳು.

"ಏನೇ ಇದು, ಕಳ್ಳಿ?"

"ಸುಮ್ನಿರು. ಹೇಗೂ ಕ್ಯಾನ್ ಹೊತ್ಕೊಂಡು ಡೈರಿಗೆ ಹೋಗೋಳು ನಾನು. ನಿನ್ನ ಪಾಲಿಂದೂ ನಡೆದು ಬರ್ತೀನಿ."

"ಓಡಿಗೀಡೀಯ! ಡಾಕ್ಟ್ರು ಎದೆ ಒಡ್ಕೊಂಡಾರು."

ತಂಗಿ ಓಡಲಿಲ್ಲ. ವಾರವಿಡೀ ಕೊಟ್ಟಿಗೆ, ಹಿತ್ತಲು, ಡೈರಿಯ ಏರು ಎಂದು ತನ್ನ ಪಾಡಿಗೆ ತಾನು ನಡೆದಳು. ಏರಿನಲ್ಲಿ ಮುಗ್ಗರಿಸಿದಾಗ, ಮುಂತುದಿ ಸವೆದ ಎಡಗಾಲ ಚಪ್ಪಲಿಗೂ ಅದನ್ನು ಮಾರಿದವನಿಗೂ ಸೇರಿಸಿ ಬೈದಳು.

ತಪಾಸಣೆಯ ದಿನ ಪಟ್ಟಿ ಮತ್ತೆ ಅಕ್ಕನ ಕಾಲಿಗೇರಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಕಂಪ್ಯೂಟರಿನತ್ತ ಬಗ್ಗಿದರು. ಸಿಕ್ಕಿಬಿದ್ದರೆ ಅಕ್ಕನ ಹೆಸರನ್ನೇ ಹೊಡೆದುಹಾಕುತ್ತಾರೆ ಎಂದು ತಂಗಿ ಪರದೆಯನ್ನೇ ನೋಡುತ್ತ ಕುಳಿತಳು.

"ಅರೆ!" ಮೇಡಂ ಮುಖ ಅರಳಿತು. "ಮೊದಮೊದಲು ಇಲ್ಲಿಗೆ ಬಂದಾಗ ಹೀಗೇ ನಡೀತಿದ್ರಿ ನೀವು. ಏರು ಬಂದ್ರೆ ಎಡಗಾಲಿನ ತುದಿ ಮೇಲೇಳದೆ ನೆಲ ಸವರೋದು ನೋಡಿ, ಅಚ್ಚು ಹೊಡೆದ ಹಾಗೆ ಅದೇ. ಆ ಕಾಲಕ್ಕೇ ವಾಪಸ್ ಹೋಗಿದೀರಿ!"

ಅಕ್ಕ ನಗಲಿಲ್ಲ. ಅವಳ ಕಣ್ಣು ಮೆಲ್ಲಗೆ ಇಳಿದು ತಂಗಿಯ ಚಪ್ಪಲಿಯ ಮೇಲೆ ನಿಂತಿತು.

"ಮೇಡಂ, ಈ ವಾರ ಪಟ್ಟಿ ನನ್ನ ಕಾಲಲ್ಲಿ ಇರ್ಲಿಲ್ಲ."

"ಅಕ್ಕಾ, ನಿನ್ನ ದಮ್ಮಯ್ಯ..."

"ಇವಳ ಕಾಲಲ್ಲಿತ್ತು. ನನ್ನ ಕೈಬಿಟ್ರೆ ಬಿಡಿ. ಇವಳನ್ನ ನೋಡಿ ಮೊದ್ಲು."

ಮೇಡಂ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡರು.

"ಚಪ್ಪಲಿ ಬಿಟ್ಟು, ಆ ಬಾಗಿಲವರೆಗೆ ನಡೀರಮ್ಮ."

ತಂಗಿ ಎದ್ದು ನಿಂತಳು. ನಡೆಯಲು ಕಲಿತಾಗಿನಿಂದ ತಾವಾಗಿಯೇ ಮುಂದೆ ಹೋಗುತ್ತಿದ್ದ ಕಾಲುಗಳಲ್ಲಿ ಈಗ ಯಾವುದನ್ನು ಮೊದಲು ಎತ್ತುವುದೋ ಅವಳಿಗೆ ತಿಳಿಯಲಿಲ್ಲ.