ಫೆಬ್ರವರಿ ಎರಡರ ಹಾಳೆ

ಕತ್ತರಿ ಸಿಸ್ಟರ್‌ಗಳು ತೊಡುವ ಉದ್ದ ಬಿಳಿ ಜಂಪರಿನ ಬೆನ್ನಿನ ಮೇಲೆ ಕರಕರ ನಡೆದಿತ್ತು. ಮದರ್ ಫ್ಲೋರಿನ್ ಅದನ್ನು ಕೊರಳಿನಿಂದ ಕೆಳಗಿನವರೆಗೆ ಸೀಳಿ, ಮುಂಭಾಗವನ್ನಷ್ಟೇ ಹೆಣದ ಎದೆಯ ಮೇಲೆ ಹಾಸಿ, ತೋಳಿನೊಳಗೆ ಕೈ ತೂರಿಸಲು ನೋಡಿದರು. ತೋಳು ಮೊಳಕೈಗೆ ಬಂದು ನಿಂತುಬಿಟ್ಟಿತು. ಬೋರ್ಡಿಂಗಿನ ಅರವತ್ತು ಹುಡುಗಿಯರಿಗೆ ಮೂವತ್ತೆರಡು ವರ್ಷ ಎರಡೂ ಹೊತ್ತು ರೊಟ್ಟಿ ಬಡಿದ ಕೈ ಅದು. ಜಪಮಾಲೆ ಎಣಿಸಿದ ಕೈಯ ಅಳತೆಗೆ ಹೊಲಿದ ಜಂಪರಿಗೆ ಎಲ್ಲಿ ಬಗ್ಗೀತು? ಮದರ್ ತೋಳಿನ ಹೊಲಿಗೆಯನ್ನೂ ಕತ್ತರಿಸಿದರು.

"ಅಲ್ರಿ ಮದರ್, ಏನ್ ನಡಿಸೀರಿ ಇದು?"

ಬಾಗಿಲಲ್ಲಿ ತಾರವ್ವ ನಿಂತಿದ್ದಳು. ಸತ್ತ ಭೀಮಾಬಾಯಿಯ ಬೆನ್ನಿಗೆ ಹುಟ್ಟಿದ ತಂಗಿ. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬದುಕುವ ವಿಧವೆ. ನಾಲಿಗೆಯೂ ಅಲ್ಲಿಯ ತಂಬಾಕಿನಷ್ಟೇ ಖಾರ. ಬೆಳಗ್ಗೆ ಕಾನ್ವೆಂಟಿನ ಪ್ಯೂನ್ ಭರಮು ಸುದ್ದಿ ತಂದಾಗ ಕೈಯಲ್ಲಿದ್ದ ಎಲೆಯನ್ನು ಮೊರದಲ್ಲಿ ಬಿಟ್ಟು ಎದ್ದು ಬಂದಿದ್ದಳು. ದಾರಿಯಲ್ಲಿ ಅಳು ಬರಲಿಲ್ಲ. ಸಿಟ್ಟು ಬಂತು, ಅಕ್ಕನ ಮೇಲೂ ಬಂತು, ಈ ಮನೆಯ ಮೇಲೂ ಬಂತು.

"ಬಂದಿರಾ ತಾರವ್ವಾ? ದೇವರ ಚಿತ್ತ. ನಿದ್ದೆಯಲ್ಲೇ ಹೋದಳು," ಎಂದರು ಮದರ್. ಅವರು ಮಂಗಳೂರಿನ ಕಡೆಯವರು, ಮಾತು ಪುಸ್ತಕದ ಹಾಗೆ. "ಭೀಮಾಗೆ ನಮ್ಮ ಸಿಸ್ಟರ್‌ಗಳ ಉಡುಪು ಹಾಕುತ್ತಿದ್ದೇವೆ. ಇಂಥ ಗೌರವ ಎಲ್ಲರಿಗೂ ಸಿಗುವುದಿಲ್ಲ."

"ಈ ಜಂಪರ್ ಯಾರದ್ರಿ?"

"ನನ್ನದೇ."

"ಹಂಗಾದ್ರ ಮುಂದಿನಿಂದ ಸಿಸ್ಟರ್, ಹಿಂದಿನಿಂದ ಹರಕ. ಛಲೋ ಗೌರವ ಬಿಡ್ರಿ."

ಮದರ್ ಕಿಟಕಿಯ ಕಡೆ ಕೈ ತೋರಿಸಿದರು. ಕಿಟಕಿಯಾಚೆ ಗೇಟಿನ ಹತ್ತಿರ ಜನ ಆಗಲೇ ನೆರೆದಿದ್ದರು. ಅಕ್ಕೋಳದಿಂದ ಎರಡು ಟ್ರ್ಯಾಕ್ಟರ್ ಬಂದಿದ್ದವು, ಚಿಕ್ಕೋಡಿ ಬಸ್ಸಿನಿಂದ ಹೆಂಗಸರು ಇಳಿಯುತ್ತಲೇ ಇದ್ದರು. ಎಲ್ಲ ಒಂದಾನೊಂದು ಕಾಲಕ್ಕೆ ಈ ಬೋರ್ಡಿಂಗಿನಲ್ಲಿ ಉಂಡು ಬೆಳೆದವರು, ಈಗ ಕಂಕುಳಲ್ಲಿ ಕೂಸು. ಅವರ ಬಾಯಲ್ಲಿ ಸತ್ತವಳು ಅಡಿಗೆಯವಳಲ್ಲ, 'ಭೀಮವ್ವ ಸಿಸ್ಟರ್'.

"ಮೂರಕ್ಕೆ ಪುಣೆಯಿಂದ ದೊಡ್ಡ ಫಾದರ್ ಬರುತ್ತಾರೆ. ಇಷ್ಟು ಜನರೆದುರು ಇವಳನ್ನು ಅಡಿಗೆಮನೆಯ ಸೀರೆಯಲ್ಲಿ ಮಲಗಿಸಿದರೆ ಏನಂದಾರು? ಮೂವತ್ತೆರಡು ವರ್ಷ ದುಡಿಸಿಕೊಂಡು ಸಿಸ್ಟರ್ ಆಗುವ ವ್ರತ ಕೊಡಲಿಲ್ಲವೇ ಅಂತ ಕೇಳುತ್ತಾರೆ."

"ಕೊಟ್ಟೀರೇನು?"

"ಅದು ಬೇರೆ ವಿಷಯ."

"ಕುಣಿ ಎಲ್ಲಿ ತೋಡ್ಯಾರ್ರಿ? ಸಿಸ್ಟರ್‌ಗೋಳ ಸಾಲಿನ್ಯಾಗೋ?"

"ಬೇವಿನ ಮರದ ಹತ್ತಿರ. ಸಾಲು ವ್ರತ ತೆಗೆದುಕೊಂಡವರಿಗೆ ಮಾತ್ರ, ನಿಯಮ ಹಾಗಿದೆ." ಮದರ್ ಕತ್ತರಿ ಕೆಳಗಿಟ್ಟರು. ದನಿ ಮೆತ್ತಗಾಯಿತು. "ತಾರವ್ವಾ, ನೀವೇ ಹೇಳಿ. ಈ ಉಡುಪು ಹಾಕಿಕೊಳ್ಳಬೇಕೆಂದು ನಿಮ್ಮ ಅಕ್ಕನಿಗೆ ಆಸೆ ಇತ್ತೋ ಇಲ್ಲವೋ?"

ಈ ಮಾತು ಮಾತ್ರ ತಾರವ್ವನಿಗೆ ನಾಟಿತು. ಇತ್ತು, ಸುಡುಗಾಡು ಆಸೆ, ಬೇರೆ ಆಸೆಯೇ ಇರಲಿಲ್ಲ ಅಕ್ಕನಿಗೆ. ಬೇಡ ಅಂದರೆ ಸತ್ತವಳ ಬಾಯಿಂದ ತುತ್ತು ಕಸಿದಂತೆ. ಹೂಂ ಅಂದರೆ ಈ ಜನರ ಮಾನ ಮುಚ್ಚಲು ಅಕ್ಕನ ಹೆಣವನ್ನು ಎರವಲು ಕೊಟ್ಟಂತೆ.

"ಚಾ ಕುಡದ ಬಂದು ಹೇಳ್ತೀನಿ. ಅಲ್ಲೀತನಕ ಅಕಿನ್ನ ಮುಟ್ಟಬ್ಯಾಡ್ರಿ," ಎಂದು ಅಡಿಗೆಮನೆಯ ಕಡೆ ನಡೆದಳು.

*

ಇದು 'ಕಾನಾ ಕುಟುಂಬ' ಎಂಬ ಕ್ರೈಸ್ತ ಸಂಘದ ಮನೆ. ಒಬ್ಬ ಸಂಸ್ಥಾಪಕರ ಹೆಸರಿನಲ್ಲಿ ನಡೆಯುವ ಫಾದರ್‌ಗಳು, ಸಿಸ್ಟರ್‌ಗಳು, ಸಂಸಾರದಲ್ಲಿದ್ದೇ ಅವರೊಂದಿಗೆ ಪ್ರಾರ್ಥನೆ ಮಾಡುವ ಗೃಹಸ್ಥರು, ಎಲ್ಲ ಸೇರಿ ಒಂದು ಕುಟುಂಬವಂತೆ. ಹೊರಗಿನ ಕೋಣೆಯ ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದ್ದರು. ಒಂದು ಗಿಡ, ಮೂರು ಟೊಂಗೆ, ಒಂದೊಂದು ಟೊಂಗೆಯ ಮೇಲೆ ಒಂದೊಂದು ಹೆಸರು.

ಹನ್ನೆರಡು ವರ್ಷದ ಹಿಂದೆ, ೧೯೮೧ರಲ್ಲಿ, ಭೀಮಾಬಾಯಿ ಆ ಚಿತ್ರದ ಕೆಳಗೆ ನಿಂತಿದ್ದಳು. ಜೊತೆಗಿರಲೆಂದು ತಂಗಿಯನ್ನು ನಿಪ್ಪಾಣಿಯಿಂದ ಕರೆಸಿಕೊಂಡಿದ್ದಳು. ವ್ರತ ಕೇಳಿದಾಗಲೆಲ್ಲ ಇಪ್ಪತ್ತು ವರ್ಷ 'ಬರುವ ವರ್ಷ ನೋಡೋಣ' ಎಂಬ ಉತ್ತರವೇ ಸಿಕ್ಕಿತ್ತು. ಮದರ್‌ಗಳು ಬದಲಾಗುತ್ತಿದ್ದರು, ಉತ್ತರ ಬದಲಾಗುತ್ತಿರಲಿಲ್ಲ. ಫ್ಲೋರಿನ್ ಆಗ ಮೊದಲ ಸಲ ಇಲ್ಲಿಗೆ ಮದರ್ ಆಗಿ ಬಂದಿದ್ದರು. ಹೊಸಬರು ಬೇರೆ ಥರ ಇದ್ದಾರು ಎಂದು ಆ ಹುಚ್ಚಿಯ ನಂಬಿಕೆ.

"ಭೀಮಾ, ವ್ರತದ ಕಾಗದವನ್ನು ಸ್ವಂತ ಕೈಯಲ್ಲಿ ಬರೆದು ಪೂಜಾಪೀಠದ ಮೇಲೆ ಸಹಿ ಹಾಕಬೇಕು. ನಿನಗೆ ಅಕ್ಷರ ಬಾರದು. ನಾನೇನು ಮಾಡಲಿ?"

"ಹೆಬ್ಬಟ್ಟ ಒತ್ತಿದ್ರ ಆಗೂದಿಲ್ಲೇನ್ರಿ?"

ಮದರ್ ನಕ್ಕರು. "ಇದೇನು ರೇಷನ್ ಅಂಗಡಿಯೇ? ಆದರೆ ನೀನೂ ನಮ್ಮ ಕುಟುಂಬದವಳೇ, ತಿಳಿಯಿತೇ?"

"ಹಂಗಾದ್ರ ಈ ಗಿಡದಾಗ ನಾ ಎಲ್ಲಿ ಬರ್ತೀನ್ರಿ?"

ಮದರ್ ಚಿತ್ರ ನೋಡಿದರು, ಟೊಂಗೆಗಳನ್ನು ನೋಡಿದರು. "ನೀನು ಬೇರು, ಭೀಮಾ," ಎಂದರು.

ಹೊರಗೆ ಬಂದ ಮೇಲೆ ತಾರವ್ವ ಬಾಯಿ ಬಿಟ್ಟಳು. "ಬೇರಂದ್ರ ಏನ ತಿಳದಿ? ಮಣ್ಣಾಗ ಇರೂದು. ಅವರು ಮ್ಯಾಲೆ ಗಾಳಿ ಕುಡೀತಾರ, ನೀ ತೆಳಗ ಮಣ್ಣ ತಿನ್ನು. ಯೇಸು ಸ್ವಾಮಿ ಮೀನಾ ಹಿಡಿಯೋರನ್ನ ಕರಿಯೂಮುಂದ ಎಷ್ಟನೇತ್ತಾ ಕಲ್ತೀರಿ ಅಂತ ಕೇಳಿದ್ನೇನ? ದೇವರ ಹೆಂಡ್ತಿ ಆಗ್ತೀನಂತ ಬಂದು ದೇವರ ಅಡಗೀಯಾಕಿ ಆದಿ. ನಡೀ, ನನ್ನ ಕೂಡ ಬೀಡಿ ಕಟ್ಟು."

"ಇವರನ್ನ ನೋಡಿ ಬಂದಿದ್ದಿಲ್ಲ ತಾರಾ ನಾ," ಎಂದಳು ಭೀಮಾಬಾಯಿ. ಒಲೆಯ ಮೇಲೆ ಬೇಳೆ ಇತ್ತು ಅಂತ ಒಳಗೆ ಹೋದಳು.

ಆಮೇಲೆ ಅವಳು ಯಾವ ಮದರ್ ಹತ್ತಿರವೂ ವ್ರತ ಕೇಳಲಿಲ್ಲ. ಕೇಳುವ ದಮ್ಮೂ ಸತ್ತಿತು ಎಂದುಕೊಂಡಳು ತಾರವ್ವ. ಅಂದಿನಿಂದ ಅಕ್ಕನನ್ನು ಕಂಡರೆ ಅವಳಿಗೆ ಒಂದು ಥರ ತಾತ್ಸಾರ. ಹಬ್ಬಕ್ಕೆ ಬಂದಾಗಲೆಲ್ಲ, "ಏನ್ ಬೇರವ್ವಾ, ಆರಾಮ?" ಎಂದು ಚುಚ್ಚುತ್ತಿದ್ದಳು. ಅಕ್ಕ ನಗುತ್ತಿದ್ದಳು.

ಒಂದು ಸಲ ಮಾತ್ರ ನಗಲಿಲ್ಲ. ೧೯೮೬ರಲ್ಲಿ ಮುದುಕಿ ಸಿಸ್ಟರ್ ಯೂಲೇಲಿಯಾ ತೀರಿಕೊಂಡಿದ್ದರು. ಎರಡು ವರ್ಷ ಅವರ ಹೇಲು ಉಚ್ಚೆ ಬಳಿದವಳು ಭೀಮಾಬಾಯಿ. ಮಣ್ಣಿನ ದಿನ ಪೆಟ್ಟಿಗೆಯಿಂದ ಒಂದು ಹಳದಿಗಟ್ಟಿದ ಕಾಗದ ತೆಗೆದು ಮುದುಕಿಯ ಕೈಯಲ್ಲಿ ಇಟ್ಟರು.

"ಅದು ಅವರ ವ್ರತದ ಕಾಗದ. ಹೋಗೂಮುಂದ ಕೈಯಾಗ ಇರಬೇಕು," ಎಂದು ಪಿಸುಗುಟ್ಟಿದಳು ಭೀಮಾಬಾಯಿ.

"ಯಾಕ, ಮ್ಯಾಲೆ ಕಂಡಕ್ಟರ್ ಟಿಕೀಟ್ ಕೇಳ್ತಾನೇನ?"

ಭೀಮಾಬಾಯಿ ತಂಗಿಯ ಮುಖ ನೋಡಿ, ಸೆರಗಿನಿಂದ ಕೈ ಒರೆಸಿಕೊಂಡಳು.

*

ಅಡಿಗೆಮನೆಯಲ್ಲಿ ಒಲೆ ತಣ್ಣಗಿತ್ತು. ಭರಮು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಮೂಗು ಸೀಟುತ್ತಿದ್ದ. ಗೋಡೆಯ ಕ್ಯಾಲೆಂಡರು, ದಿನಕ್ಕೊಂದು ಹಾಳೆ ಹರಿಯುವಂಥದ್ದು, ಫೆಬ್ರವರಿ ಒಂದನ್ನು ತೋರಿಸುತ್ತಿತ್ತು.

"ಭರಮು ಮಾಮಾ, ನೀನ ಹೇಳು. ಜಂಪರ್ ಹಾಕಸ್ಲ್ಯೋ ಬ್ಯಾಡೋ?"

"ನಾ ಏನ ಹೇಳ್ಲಿ ತಾರವ್ವಾ? ನಾಳೆ ಮೇಣಬತ್ತಿ ಹಬ್ಬ. ಸಿಸ್ಟರ್‌ಗೋಳು ವರ್ಷಾ ವರ್ಷಾ ವ್ರತಾ ಮತ್ತ ಹೇಳೂ ದಿನ. ಭೀಮಕ್ಕ ನಿನ್ನೆ ಸಂಜೀಕ ನನಗ ಸ್ಟ್ಯಾಂಪ್ ಪ್ಯಾಡ್ ತಗದ ಇಡಾಕ ಹೇಳಿದ್ಲು."

"ಸ್ಟ್ಯಾಂಪ್ ಪ್ಯಾಡ್? ಅಡಗೀಯಾಕಿಗೆ ಅದ್ಯಾಕ?"

"ಯಾಂವ ಬಲ್ಲ? ವರ್ಷಕ್ಕ ಒಂದ ದಿನಾ ಆಫೀಸಿಂದ ಒಯ್ತಿದ್ಲು, ತಾಸಿನ್ಯಾಗ ತಿರಗಿ ಕೊಡ್ತಿದ್ಲು. ಚಾಪೆಲಿನ್ಯಾಗ ಅವರು ವ್ರತಾ ಹೇಳ್ತಿದ್ರು, ಇಕಿ ಇಲ್ಲಿ ಬಾಗಲಾ ಅರ್ಧಾ ಮುಚ್ಚಿಕೊಂಡು ನಿಂದರತಿದ್ಲು. ತುಟಿ ಅಲಗತಿದ್ದೂ. ನಾ ನೋಡಿ ನೋಡದಂಗ ಹೋಗ್ತಿದ್ನಿ."

ತಾರವ್ವ ಹಿಟ್ಟಿನ ಡಬ್ಬಿಗಳ ಹಿಂದಿನ ಅಕ್ಕನ ಟ್ರಂಕು ಎಳೆದಳು. ಎರಡು ಸೀರೆ, ಒಂದು ಜಪಮಾಲೆ, ತಳದಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಕ್ಯಾಲೆಂಡರಿನ ಹಾಳೆಗಳು, ಎಲ್ಲವೂ ಫೆಬ್ರವರಿ ಎರಡು. ಎಂಬತ್ತೆರಡರಿಂದ ಹಿಡಿದು ಹೋದ ವರ್ಷದವರೆಗೆ ಹನ್ನೊಂದು. ಒಂದೊಂದರ ನಡುವೆ ಒಂದೊಂದು ನೀಲಿ ಹೆಬ್ಬೆಟ್ಟು. ಒಂದಕ್ಕೆ ಅರಿಸಿನ ಹತ್ತಿತ್ತು, ಇನ್ನೊಂದಕ್ಕೆ ಎಣ್ಣೆ.

ಅಕ್ಷರ ಬಾರದಿದ್ದರೂ ಅಂಕಿ ಓದಲು ತಾರವ್ವನಿಗೆ ಬರುತ್ತಿತ್ತು. ಎಂಬತ್ತೆರಡು. ಅಂದರೆ 'ನೀನು ಬೇರು' ಅನ್ನಿಸಿಕೊಂಡ ಮರುವರ್ಷವೇ. ಕೇಳುವ ದಮ್ಮು ಸತ್ತಿರಲಿಲ್ಲ, ಕೇಳುವ ಕೆಲಸವೇ ಮುಗಿದಿತ್ತು. ಹನ್ನೆರಡು ವರ್ಷ ತಾನು ಬೇರವ್ವ, ಬೇರವ್ವ ಅಂತ ಆಡಿಕೊಂಡದ್ದು ಯಾರನ್ನು! ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ನೆಲದ ಮೇಲೆ ಕುಳಿತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಭರಮು ಗೋಡೆ ಕಡೆ ತಿರುಗಿ ಕುಳಿತ.

ಅತ್ತು ಮುಗಿಸಿ ಎದ್ದಳು. ಕ್ಯಾಲೆಂಡರಿನಿಂದ ಒಂದನೇ ತಾರೀಖು ಹರಿದು ಒಲೆಗೆ ಎಸೆದಳು. ಎರಡನೇ ತಾರೀಖು ಹರಿದು ಕೈಯಲ್ಲಿ ಹಿಡಿದಳು.

"ಏಳು ಮಾಮಾ. ಪ್ಯಾಡ್ ತಾ."

*

"ನಿಮ್ಮ ಜಂಪರ್ ನೀವ ಇಟ್ಕೋರಿ ಮದರ್. ಹೊಲದ್ರ ಬರತೈತಿ," ಎಂದಳು ತಾರವ್ವ. ಸೀಳಿದ ಬಟ್ಟೆಯನ್ನು ಅಕ್ಕನ ಮೈಮೇಲಿಂದ ತೆಗೆದು ಮಡಚಿ ಮದರ್ ಕೈಗೆ ಕೊಟ್ಟಳು. ಟ್ರಂಕಿನಿಂದ ತಂದ ಹಸಿರು ಸೀರೆ ಹೊದಿಸಿದಳು. ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು.

ಮದರ್ ಒಂದೊಂದಾಗಿ ನೋಡಿದರು. ಸಿಸ್ಟರ್ ಯೂಲೇಲಿಯಾ ತೀರಿಕೊಂಡ ಎಂಬತ್ತಾರರ ಹಾಳೆಯ ಹತ್ತಿರ ಬೆರಳು ತುಸು ನಿಂತಿತು. ಆಮೇಲೆ ಮುಖ ಮೊದಲಿನಂತಾಯಿತು.

"ಇದು ಸಲ್ಲುವುದಿಲ್ಲ ತಾರವ್ವಾ. ವ್ರತಕ್ಕೆ ಸಾಕ್ಷಿ ಬೇಕು. ಸ್ವೀಕರಿಸುವವರು ಬೇಕು."

"ಸಾಕ್ಷಿ ಭರಮು ಮಾಮಾ ಅದಾನ. ಸ್ವೀಕಾರ ಮಾಡಾಂವ ಮ್ಯಾಲೆ ಅದಾನಂತ ದಿನಾ ನೀವ ಹೇಳ್ತೀರೆಲ್ಲ. ನಮ್ಮಕ್ಕ ನಿಮ್ಮ ಮಾತು ಖರೇ ಅಂತ ನಂಬಿದ್ಲು, ಅದ ಅಕಿ ತಪ್ಪು."

"ಜನರ ಮುಂದೆ ಇವನ್ನೆಲ್ಲ ಕೈಯಲ್ಲಿ ಇಡಲು ನಾನು ಬಿಡುವುದಿಲ್ಲ."

"ಹಂಗಾದ್ರ ಅದ ಜಂಪರ್ ಹಾಕ್ರಿ. ಎಲ್ಲಾರೂ ಬಂದ ನಿಂತಾಗ ನಾ ಅಕ್ಕನ್ನ ಮಗ್ಗಲಾ ಹೊರಳಸ್ತೀನಿ. ಪುಣೇದ ಫಾದರೂ ನೋಡ್ಲಿ, ಹಿಂದ ಏನೇನ ಐತಿ ಅಂತ."

ಮದರ್ ಫ್ಲೋರಿನ್ ಬಾಗಿಲ ಕಡೆ ನೋಡಿದರು. ಹೊರಗೆ ಕಾರಿನ ಸದ್ದಾಯಿತು. ಅವರು ಸೀಳಿದ ಜಂಪರನ್ನು ಕಂಕುಳಲ್ಲಿ ಅವಚಿಕೊಂಡು ದೊಡ್ಡ ಫಾದರನ್ನು ಎದುರುಗೊಳ್ಳಲು ಓಡಿದರು. ಮೇಲಿನವರು ಬಂದರೆಂದರೆ ಓಡುವ ಅಭ್ಯಾಸ ಅವರಿಗೆ ಚೆನ್ನಾಗಿತ್ತು.

ತಾರವ್ವ ಪ್ಯಾಡು ತೆರೆದಳು. ಅಕ್ಕನ ಹೆಬ್ಬೆರಳು ಸೆಟೆದಿತ್ತು, ಹಾಳೆಯ ಕಡೆ ಬಗ್ಗಲಿಲ್ಲ. ಕೊನೆಗೆ ಪ್ಯಾಡನ್ನೇ ಬೆರಳಿಗೆ ಒಯ್ದು ಮಸಿ ಮೆತ್ತಿ, ಹಾಳೆಯನ್ನೇ ಬೆರಳಿಗೆ ಒಯ್ದು ಒತ್ತಿದಳು. "ತಗೋ ಅಕ್ಕಾ, ಒಂದ ದಿನಾ ಮೊದಲಾತು. ನಡೀತೈತಿ," ಎಂದಳು. ಹನ್ನೆರಡು ಹಾಳೆಗಳನ್ನೂ ಸುರುಳಿ ಸುತ್ತಿ, ಬೀಡಿ ಕಟ್ಟುವ ದಾರದಿಂದ ಬಿಗಿದು ಅಕ್ಕನ ಕೈಯಲ್ಲಿ ಸಿಕ್ಕಿಸಿದಳು.

ಮೂರು ಗಂಟೆಗೆ ಪೆಟ್ಟಿಗೆಯನ್ನು ಚಾಪೆಲಿನ ನಡುವೆ ಇಟ್ಟರು. ಜನ ಸಾಲಾಗಿ ಬಂದರು. ಮೊದಲು ಬಂದವಳು ಅಕ್ಕೋಳದ ಮುದುಕಿ ರುಕ್ಮವ್ವ. ಮೂವರು ಹೆಣ್ಣುಮಕ್ಕಳನ್ನು ಇಲ್ಲಿ ಓದಿಸಿದವಳು. ಹೂ ಇಡಲು ಬಗ್ಗಿದವಳು ಹಾಗೇ ನಿಂತಳು.

"ಅಯ್ಯ ನಮ್ಮವ್ವಾ! ಹೆಬ್ಬಟ್ಟಿಗೆ ಮಸಿ ಐತೆಲ್ಲ ಬೇ! ಸತ್ತಾಕಿ ಕಡಿಂದ ಏನ ಬರಸ್ಕೊಂಡ್ರೇ? ಎಷ್ಟ ಎಕರೆ ಇತ್ತ ಈಕಿದು?"

ಪಿಸುಮಾತು ಸಾಲಿನ ಹಿಂದಕ್ಕೆ ಸರಸರ ಹೋಯಿತು. ಸತ್ತವರ ಬೆರಳು ಒತ್ತಿಸಿ ಹೊಲ ಹೊಡೆದವರ ಕತೆ ಆ ಸಾಲಿನಲ್ಲಿ ಎಲ್ಲರಿಗೂ ಒಂದೊಂದು ಗೊತ್ತಿತ್ತು. ದೊಡ್ಡ ಫಾದರ್ ಕನ್ನಡಕ ಸರಿಮಾಡಿಕೊಂಡು ಮದರ್ ಫ್ಲೋರಿನ್ ಕಡೆ ನೋಡಿದರು.

ಮದರ್ ಮುಖ ಕೆಂಪಾಯಿತು. ಕರ್ಚೀಫನ್ನು ತೀರ್ಥದಲ್ಲಿ ಅದ್ದಿ ಧಾವಿಸಿ ಬಂದು, ಪೆಟ್ಟಿಗೆಯ ಪಕ್ಕ ಮೊಣಕಾಲೂರಿ, ಅಡಿಗೆಯವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ತಿಕ್ಕತೊಡಗಿದರು. ತಿಕ್ಕಿದಷ್ಟೂ ಮಸಿ ನೆನೆಯಿತು, ಹರಡಿತು, ಹೋಗಲಿಲ್ಲ. ತಾರವ್ವ ತಲೆಯ ಹತ್ತಿರ ಕೈಕಟ್ಟಿ ನಿಂತು ನೋಡಿದಳು.

ಹಿಂದೆ ನಿಂತವರಿಗೆ ಮದರ್ ಬೆನ್ನಷ್ಟೇ ಕಾಣುತ್ತಿತ್ತು. ಮದರ್ ಅವರೇ ಮೊಣಕಾಲೂರಿ ಭೀಮವ್ವ ಸಿಸ್ಟರ್ ಕೈಗೆ ಮುತ್ತಿಡುತ್ತಿದ್ದಾರೆ! ಇದೇ ಪದ್ಧತಿ ಇರಬೇಕು ಎಂದುಕೊಂಡರು ಬೋರ್ಡಿಂಗಿನ ಹುಡುಗಿಯರು. ಮದರ್ ಸೋತು ಪಕ್ಕಕ್ಕೆ ಸರಿದದ್ದೇ ತಡ, ಒಬ್ಬೊಬ್ಬಳೇ ಬಂದು, ಮೊಣಕಾಲೂರಿ, ಒದ್ದೆಯಾದ ಆ ಹೆಬ್ಬೆರಳಿಗೆ ಮುತ್ತಿಟ್ಟಳು. ಅವರ ಹಿಂದೆ ಅಕ್ಕೋಳದ ಹೆಂಗಸರು, ಅವರ ಹಿಂದೆ ಕಂಕುಳ ಕೂಸುಗಳು. ಚಾಪೆಲಿನ ಬಾಗಿಲು ದಾಟಿ ಬಿಸಿಲಿಗೆ ಬಂದವರ ತುಟಿಗಳೆಲ್ಲ ನೀಲಿಯಾಗಿದ್ದವು.