ಅಂಗುಳ ಸುಡದ ಕರ್ಪೂರ

ಮಕ್ತಲದ ಕುರುಬರ ಓಣಿಯಲ್ಲಿ ಬೀರಪ್ಪನ ಗುಡಿ ಇತ್ತು. ಅದರ ಪೂಜಾರಿ ಬೀರಯ್ಯ ಪ್ರತಿ ಭಾನುವಾರ ಉರಿಯುವ ಕರ್ಪೂರವನ್ನು ನಾಲಿಗೆಯ ಮೇಲಿಟ್ಟುಕೊಂಡು, ಅದು ಆರಿದ ಮೇಲೆ ದೇವರ ನುಡಿ ಹೇಳುತ್ತಿದ್ದ. ಅವನಪ್ಪನೂ ಇಡುತ್ತಿದ್ದ, ಅಜ್ಜನೂ ಇಡುತ್ತಿದ್ದ. ಅವರು ಬಾಯಿ ಮುಚ್ಚಿ ಬೇಗ ಆರಿಸುತ್ತಿದ್ದರು. ನಾಲಿಗೆಗೆ ಉಗುಳಿನ ಹಸಿ ಇರುತ್ತದೆ, ಉರಿ ತಾಗುವುದು ಅಂಗುಳಕ್ಕೆ. ಬೀರಯ್ಯ ಮಾತ್ರ ಎರಡು ವರ್ಷದಿಂದ ಕರ್ಪೂರವನ್ನು ನಾಲಿಗೆಯ ಎಡಗಡೆ ಇಟ್ಟು, ಅದು ತಾನಾಗಿ ಆರುವ ತನಕ ಬಾಯಿ ತೆರೆದೇ ನಿಲ್ಲುತ್ತಿದ್ದ.

ನಿಜಾಮನ ಕಡೆಯ ರಜಾಕಾರರ ಗಲಾಟೆಯಲ್ಲಿ ಸುತ್ತಲ ಊರುಗಳಿಗೆ ಬೆಂಕಿ ಬಿದ್ದಾಗ ಈ ಓಣಿ ಉಳಿಯಿತು. ಹೇಗೆ ಉಳಿಯಿತೆಂದು ಯಾರಿಗೂ ಗೊತ್ತಿಲ್ಲ, ಆದರೆ ಜನಕ್ಕೆ ಒಂದು ಕಾರಣ ಬೇಕಲ್ಲ. ಪೂಜಾರಿಯ ಬಾಯಲ್ಲೇ ಬೆಂಕಿ ತಣ್ಣಗಾಗುವಾಗ ಓಣಿಗೆ ಹೇಗೆ ತಾಗೀತು ಎಂದರು. ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಕೋಸಗಿಯಿಂದಲೂ ಜನ ಬರತೊಡಗಿದರು. ಬೀರಯ್ಯನಿಗೆ ಇದು ಹಿಡಿಸಿತು. ಸುಳ್ಳು ಯಾಕೆ, ಯಾರಿಗಾದರೂ ಹಿಡಿಸುತ್ತದೆ.

ಹೆಂಡತಿ ತುಳಸಮ್ಮನಿಗೆ ಹಿಡಿಸಲಿಲ್ಲ. ಅವನ ಅಂಗುಳದ ಎಡಕ್ಕೆ ಹುಣಸೆ ಬೀಜದಷ್ಟು ಗಂಟು ಎದ್ದಿತ್ತು. ದೇವರು ಲಿಂಗವಾಗಿ ಮೂಡಿದ್ದಾನೆಂದು ಓಣಿ ಕೈಮುಗಿಯಿತು. ಅವಳು ಗಂಡನನ್ನು ನಾರಾಯಣಪೇಟೆಯ ದವಾಖಾನೆಗೆ ಎಳೆದೊಯ್ದಳು.

ಡಾಕ್ಟರ್ ಶ್ರೀರಾಮುಲು ಬೆರಳಿನಿಂದ ಒತ್ತಿ ನೋಡಿದರು. ಹಲ್ಲು ಗಟ್ಟಿಯಾಗಿದ್ದವು, ಕೀವು ಇರಲಿಲ್ಲ, ಗಂಟು ಅಲುಗಲಿಲ್ಲ.

“ಅಂಗುಳದಾಗೂ ಜೊಲ್ಲಿನ ಸಣ್ಣ ಗ್ರಂಥಿ ಇರ್ತಾವ್ರಿ. ಇದು ಅದರ ಗಂಟು. ಇಂಥವು ಕೆಲವು ಸಾಧು ಇರ್ತಾವ, ಕೆಲವು ನರ ಹಿಡಕೊಂಡು ಹೋಗ್ತಾವ. ಕಣ್ಣು ಮುಚ್ಚರಿ.”

ಸೂಜಿಯ ಮೊನೆ ಅಂಗುಳದ ಬಲಕ್ಕೆ ತಾಕಿದಾಗ ಬೀರಯ್ಯ ಬೆಚ್ಚಿದ. ಎಡಕ್ಕೆ ತಾಕಿದಾಗ ಸುಮ್ಮನೆ ಕುಳಿತಿದ್ದ.

“ಎಡಕ್ಕ ಯಾವಾಗಿಂದ ಹಿಂಗ?”

“ಎರಡು ವರ್ಷಾತ್ರಿ. ಅದು ದೇವರು ಕೊಟ್ಟದ್ದು,” ಎಂದು ಬೀರಯ್ಯ ನಕ್ಕ.

ಡಾಕ್ಟರು ನಗಲಿಲ್ಲ. “ನರ ಸತ್ತೈತ್ರಿ. ಹೈದರಾಬಾದಿನಾಗ ಚೂರು ಕೊಯ್ಸಿ ನೋಡಬೇಕು. ಕೆಟ್ಟದ್ದಿದ್ರ ಅಂಗುಳ ತೆಗೀತಾರ, ಮಾತು ಮೂಗಿನಾಗ ಬರ್ತದ. ಹಂಗೇ ಬಿಟ್ರ ಜೀವಕ್ಕ ಬರ್ತದ.”

ನುಡಿ ಹೋದ ಪೂಜಾರಿಯನ್ನು ಯಾರು ಕೇಳುತ್ತಾರೆ? ಬೀರಯ್ಯ ಒಲ್ಲೆ ಎಂದ. ಮನೆ ಸೇರಿದ ಮೇಲೆ ತುಳಸಮ್ಮ ಒಂದೇ ಮಾತು ಕೇಳಿದಳು.

“ಕರ್ಪೂರ ಬಲಕ್ಕ ಇಟ್ಟು ನೋಡೀರೇನ್ರಿ?”

ಭಾನುವಾರ ಗುಡಿಯ ಮುಂದೆ ಜನ ನೆರೆದಿದ್ದರು. ಬೀರಯ್ಯ ಕರ್ಪೂರವನ್ನು ನಾಲಿಗೆಯ ಬಲಗಡೆ ಇಟ್ಟುಕೊಂಡ, ಇಟ್ಟವನೇ ಉಗುಳಿದ. ಕಣ್ಣಲ್ಲಿ ನೀರು ಬಂತು.

“ಬೀರಪ್ಪ ಸಿಟ್ಟಾಗ್ಯಾನ,” ಎಂದ ಓಣಿಯ ಹಿರಿಯ ಮೊಗುಲಪ್ಪ.

“ಸಿಟ್ಟಾಗಿಲ್ಲ ಕಾಕಾ. ಬಲಕ್ಕ ಸುಡ್ತೈತಿ, ಎಡಕ್ಕ ಸುಡಂಗಿಲ್ಲ. ದೇವರಾಗಿದ್ರ ಅರ್ಧ ಬಾಯಾಗ ಯಾಕ ಇರ್ತಿದ್ದ?” ಎಂದ ಬೀರಯ್ಯ.

ಆದರೂ ಉಗುಳಿದ ಕರ್ಪೂರದ ಚೂರನ್ನು ಯಾರೋ ಸೆರಗಿಗೆ ಕಟ್ಟಿಕೊಂಡರು. ಬೀರಯ್ಯ ಗುಡಿಯ ಕೀಲಿಯನ್ನು ಮೊಗುಲಪ್ಪನ ಕೈಗೆ ಕೊಟ್ಟ.

ಮರುದಿನ ಹೈದರಾಬಾದಿನ ಮೋಟಾರಿನಲ್ಲಿ ತುಳಸಮ್ಮ ಮಜ್ಜಿಗೆ ಕೊಟ್ಟಳು. ಅದು ಬಲಗಡೆಯ ಸುಟ್ಟ ಗಾಯಕ್ಕೆ ತಾಕಿ ಅವನು ಮುಖ ಕಿವುಚಿದ.

“ಭಾಳ ನೋಯ್ತದೇನ್ರಿ?”

“ಈ ಕಡಿಯಾದ್ರೂ ಇನ್ನೂ ನೋಯ್ತದ,” ಎಂದ. ಅವನ ದನಿಯಲ್ಲಿ ಸಮಾಧಾನವಿತ್ತು.